ನೀರನ್ನು ಕಳಿಸಿ ಬರುವ ಕಟ್ಟಳೆ

"ಗುರುಗಳೇ, ಮಳೆಯ ನೀರಿಗೆ ಕಟ್ಟಳೆ ಹಾಕಲು ಬರುತ್ತದೆಯೇ?" ಎಂದು ಶಿಷ್ಯ ಕೇಳಿದ.

ಅವನು ಗೃಹಸ್ಥ, ಗುಡ್ಡದ ಇಳಿಜಾರಿನ ಒಂದು ಊರಿನವನು. ಹೋದ ವಾರವಷ್ಟೇ ಊರವರು ಅವನನ್ನು ತಮ್ಮ ಮುಖ್ಯಸ್ಥನನ್ನಾಗಿ ಆರಿಸಿದ್ದರು. ಮಳೆ ಬಂದರೆ ಆ ಊರಿನ ಕೆಳಗಿನ ಓಣಿ ಮುಳುಗುತ್ತಿತ್ತು. ಬೇಸಿಗೆ ಬಂದರೆ ಮೇಲಿನ ಓಣಿಯ ಬಾವಿಗಳು ಬತ್ತುತ್ತಿದ್ದವು. ಹಿಂದಿನ ಮುಖ್ಯಸ್ಥ ಇದಕ್ಕೆಂದೇ ಏಳು ಕಟ್ಟಳೆ ಮಾಡಿದ್ದ. ಏಳನ್ನೂ ಜನ ತಲೆಯಾಡಿಸಿ ಒಪ್ಪಿದ್ದರು, ಒಂದನ್ನೂ ನಡೆಸಿರಲಿಲ್ಲ.

"ನೀರಿಗೆ ಹಾಕಲು ಬರುವುದಿಲ್ಲ, ಅದಕ್ಕೆ ಕಿವಿಯಿಲ್ಲ" ಎಂದರು ಗುರುಗಳು. "ಕೂತುಕೋ. ಕಿವಿ ಇದ್ದವರಿಗೆ ಹಾಕಿದ ಒಂದು ಕಟ್ಟಳೆಯ ಕತೆ ಹೇಳುತ್ತೇನೆ."

ಶಿಷ್ಯ ಕೂತ. ಗುರುಗಳು ಹೇಳತೊಡಗಿದರು.

ಒಂದು ಪಟ್ಟಣವಿತ್ತು. ಅದೂ ಗುಡ್ಡದ ಮೇಲೆಯೇ. ಮೇಲಿನ ಓಣಿಯಲ್ಲಿ ವ್ಯಾಪಾರಿಗಳು, ಕೆಳಗಿನ ಓಣಿಯಲ್ಲಿ ನೇಕಾರರು. ನೇಕಾರರು ಸೀರೆ ನೇಯುತ್ತಿದ್ದರು, ವ್ಯಾಪಾರಿಗಳು ಆ ಸೀರೆಗಳ ಹೆಸರಿನ ಮೇಲೆಯೇ ನಾಲ್ಕೂರಿನ ಜನರನ್ನು ತಮ್ಮ ಅಂಗಡಿಗೆ ಬರಮಾಡಿಕೊಳ್ಳುತ್ತಿದ್ದರು. ಎರಡು ಓಣಿಗಳ ನಡುವೆ ಕಲ್ಲು ಹಾಸಿದ ಒಂದು ಕಾಲುವೆ ಇಳಿದಿತ್ತು. ಮೇಲಿನ ಓಣಿಯವರಿಗೆ ಆ ಕಾಲುವೆಯ ಮೇಲೆ ಬಹಳ ಅಭಿಮಾನ.

ಅಲ್ಲಿ ಒಂದು ರೂಢಿ ಇತ್ತು. ಮಳೆ ನಿಂತ ಮೇಲೆ ಯಾರ ಮನೆಯ ಮುಂದೆ ಮೊದಲು ರಂಗೋಲಿ ಬೀಳುತ್ತದೋ ಆ ಮನೆಗೆ ಹೆಸರು. ಒದ್ದೆ ನೆಲದ ಮೇಲೆ ರಂಗೋಲಿ ನಿಲ್ಲುವುದಿಲ್ಲವಲ್ಲ. ಹಾಗಾಗಿ ಹನಿ ಬೀಳುತ್ತಿರುವಾಗಲೇ ಮನೆಮಂದಿಯೆಲ್ಲ ಕಸಬರಿಗೆ ಹಿಡಿದು ನಿಲ್ಲುತ್ತಿದ್ದರು. ಮಾಳಿಗೆಯ ನೀರು, ಅಂಗಳದ ನೀರು, ಹಿತ್ತಲಿನ ನೀರು, ಎಲ್ಲವನ್ನೂ ಗುಡಿಸಿ ಕಾಲುವೆಗೆ ತಳ್ಳುತ್ತಿದ್ದರು. ನೀರು ಎಲ್ಲಿಗೆ ಹೋಗುತ್ತದೆ ಎಂದು ಕೇಳಿದರೆ "ಕೆಳಗ" ಎನ್ನುತ್ತಿದ್ದರು. ಅವರ ಮಟ್ಟಿಗೆ ಅಷ್ಟು ತಿಳಿದಿದ್ದರೆ ಸಾಕಿತ್ತು.

ಕೆಳಗೆ ನಲವತ್ತು ಮನೆ, ನಲವತ್ತು ಕುಣಿ ಮಗ್ಗ. ಕುಣಿ ಮಗ್ಗ ನೀನು ನೋಡಿದ್ದೀಯಲ್ಲ? ನೆಲದಲ್ಲಿ ಸೊಂಟದಷ್ಟು ಆಳದ ಕುಣಿ ತೋಡಿರುತ್ತಾರೆ. ನೇಕಾರ ಅದರ ಅಂಚಿನ ಮೇಲೆ ಕೂತು, ಕಾಲನ್ನು ಒಳಗೆ ಇಳಿಬಿಟ್ಟು ನೇಯುತ್ತಾನೆ. ಮೇಲಿನ ಓಣಿಯಲ್ಲಿ ರಂಗೋಲಿ ಬೀಳುವ ಹೊತ್ತಿಗೆ ಸರಿಯಾಗಿ ಕೆಳಗಿನ ಓಣಿಯಲ್ಲಿ ಕುಣಿಗಳು ತುಂಬುತ್ತಿದ್ದವು. ತುಳಿಯುವ ಹಲಗೆ ಕೊಳೆಯುತ್ತಿತ್ತು. ನೀರು ಇನ್ನೂ ಏರಿದರೆ ಮಗ್ಗದ ಮೇಲೆ ಉದ್ದಕ್ಕೆ ಬಿಗಿದ ಹಾಸಿನ ನೂಲು ನೆನೆದು ಬಣ್ಣ ಬಿಡುತ್ತಿತ್ತು, ತಿಂಗಳ ದುಡಿಮೆ ಕೆಸರಿಗೆ ಹೋಗುತ್ತಿತ್ತು.

ಇನ್ನು ಬೇಸಿಗೆಯ ಮಾತು. ಶಿವರಾತ್ರಿ ಕಳೆಯುವುದೇ ತಡ, ಮೇಲಿನ ಓಣಿಯ ಬಾವಿಗಳಲ್ಲಿ ಕೊಡದ ತಳ ಕಲ್ಲಿಗೆ ತಾಗುತ್ತಿತ್ತು. ಆಗ ಹೊಳೆಯಿಂದ ಕತ್ತೆಗಳ ಮೇಲೆ ನೀರು ತರಿಸಬೇಕು. ಮಳೆಗಾಲದಲ್ಲಿ ಕಸಬರಿಗೆಯಿಂದ ಅಟ್ಟಿದ ನೀರನ್ನು ಬೇಸಿಗೆಯಲ್ಲಿ ಕತ್ತೆಯ ಕಾಲು ಹಿಡಿದು ಕರೆತರುತ್ತಿದ್ದರು. ನಗಬೇಡ, ನಿಮ್ಮೂರಿನಲ್ಲೂ ಅದೇ ಇರಬಹುದು.

ಆ ಪಟ್ಟಣದ ಮುಖ್ಯಸ್ಥನನ್ನು ಪಟ್ಟಣಶೆಟ್ಟಿ ಎಂದು ಕರೆಯುತ್ತಿದ್ದರು. ಅಡಿವೆಪ್ಪ ಎಂಬುವನು ಪಟ್ಟಣಶೆಟ್ಟಿಯಾದ ವರ್ಷ ಮುಂಗಾರಿನ ರೋಹಿಣಿ ಮಳೆ ಜೋರಾಗಿ ಬಂತು. ಮಳೆ ನಿಂತ ಮರುದಿನ ಕೆಳಗಿನ ಓಣಿಯಿಂದ ಬನವ್ವ ಎಂಬ ಹಿರಿಯ ನೇಕಾರ ಹೆಂಗಸು ಗುಡ್ಡ ಹತ್ತಿ ಬಂದಳು. ಗಂಡ ತೀರಿದ ಮೇಲೆ ಮಗ್ಗವನ್ನೂ ಓಣಿಯ ಹಿರಿತನವನ್ನೂ ಅವಳೇ ನಡೆಸುತ್ತಿದ್ದಳು. ಅವಳ ಸೀರೆಯ ಅಂಚು ಮೊಣಕಾಲಿನವರೆಗೆ ಕೆಸರಾಗಿತ್ತು. ಅಡಿವೆಪ್ಪ ಕೂಡಲು ಹೇಳಿದರೂ ಅವಳು ಕೂಡಲಿಲ್ಲ.

"ಸಾವ್ಕಾರ್ರ, ನಿಮ್ಮ ಓಣ್ಯಾಗ ರಂಗೋಲಿ ಬಿದ್ದಾಗೆಲ್ಲ ನಮ್ಮ ಕುಣ್ಯಾಗ ಕಪ್ಪಿ ಈಸತಾವು" ಎಂದಳು. "ಆರಿದ್ರಾ ಮಳಿ ತನಕ ನೋಡ್ತೀವಿ. ಆ ಮಳಿಗೂ ಕುಣಿ ತುಂಬಿದ್ರ ನಲವತ್ತೂ ಮಗ್ಗ ಬಿಚ್ಚಿಕೊಂಡು ಹೊಳಿ ಆಚೆ ಊರಿಗೆ ಹೊಂಟ್ವಿ. ಅವರು ಜಾಗಾ ತೋರ್ಸ್ಯಾರ."

ಅಡಿವೆಪ್ಪ ಲೆಕ್ಕ ಹಾಕಿದ. ನೇಕಾರರು ಹೋದರೆ ಪಟ್ಟಣದಲ್ಲಿ ಉಳಿಯುವುದೇನು? ಅಂಗಡಿ ಉಳಿಯುತ್ತವೆ, ಅಂಗಡಿಯಲ್ಲಿ ಕೂತವರು ಒಬ್ಬರ ಮುಖ ಒಬ್ಬರು ನೋಡಬೇಕಾಗುತ್ತದೆ. ಅವನು ಹಿಂದಿನವರು ಮಾಡಿದ್ದನ್ನೆಲ್ಲ ನೆನೆದ. ಪಟ್ಟಣಶೆಟ್ಟಿಯಾಗಿದ್ದ ಅವನ ಅಪ್ಪ ಕೆಳಗಿನ ಓಣಿಯ ಬಾಯಿಗೆ ಗೋಡೆ ಕಟ್ಟಿಸಿದ್ದ. ನೀರು ಗೋಡೆಗೆ ಮರ್ಯಾದೆ ಕೊಟ್ಟು, ಸುತ್ತು ಹಾಕಿಕೊಂಡು ಹಿತ್ತಲ ಬಾಗಿಲಿನಿಂದ ಬಂದಿತ್ತು. ಅಪ್ಪನ ನಂತರದವನು ನೀರು ಹೊರಗೆ ಬಿಡಬಾರದು ಎಂದು ಸಾರಿಸಿದ್ದ. ಸಾರಿಸಿದವನ ಮನೆಯಲ್ಲೇ ಎರಡು ಕಸಬರಿಗೆ ಹೆಚ್ಚಿಗೆ ತಂದಿದ್ದರು.

"ನಾನು ಹೆಂಗ ತಡೀಲಿ ಬನವ್ವಾ? ನೀರು ನನ್ನ ಮಾತು ಕೇಳ್ತೈತೇನು?" ಎಂದ ಅಡಿವೆಪ್ಪ.

"ತಡೀಬ್ಯಾಡ್ರಿ. ಕಳಸೂದನ್ನ ನೆಟ್ಟಗ ಕಳಸ್ರಿ" ಎಂದಳು ಬನವ್ವ. "ಮಗಳನ್ನ ಗಂಡನ ಮನಿಗೆ ಕಳಸೂಮುಂದ ಒಬ್ಬರು ಸಂಗಾಟ ಹೋಗೂದಿಲ್ಲೇನು? ಎಲ್ಲಿ ಇಳಿದ್ಲು, ಹೆಂಗದಾಳ ಅಂತ ನೋಡಿ ಬರೂದಿಲ್ಲೇನು? ನೀವು ನೀರನ್ನ ಬಾಗಿಲದಾಗ ನೂಕಿ ಕದಾ ಹಾಕ್ಕೋತೀರಿ."

ಹೇಳಿ ಅವಳು ಹೊರಟುಹೋದಳು. ಅಡಿವೆಪ್ಪನಿಗೆ ಅವತ್ತು ಊಟ ರುಚಿಸಲಿಲ್ಲ. ಅವನಿಗೂ ಇಬ್ಬರು ಹೆಣ್ಣುಮಕ್ಕಳು. ಇಬ್ಬರನ್ನೂ ತಾನೇ ಜೊತೆಗೆ ಹೋಗಿ ಬಿಟ್ಟು ಬಂದಿದ್ದ. ಮೂರು ದಿನ ಆ ಮಾತನ್ನೇ ಮೆಲುಕು ಹಾಕಿ, ನಾಲ್ಕನೆಯ ದಿನ ಅವನು ಡಂಗುರ ಹೊಡಿಸಿದ.

ಕಟ್ಟಳೆ ಇಷ್ಟೇ. ಯಾರ ಮನೆಯಿಂದ ಮಳೆಯ ನೀರು ಹೊರಡುತ್ತದೋ ಆ ಮನೆಯ ಯಜಮಾನ ಅದರ ಜೊತೆ ನಡೆಯಬೇಕು. ಯಜಮಾನನಿಲ್ಲದ ಮನೆಯಲ್ಲಿ ಯಜಮಾನಿ ನಡೆಯಬೇಕು. ನೀರು ಎಲ್ಲಿ ನಿಲ್ಲುತ್ತದೋ ಅಲ್ಲಿ ತಾನೂ ನಿಂತು, ನೋಡಿ, ಮನೆಗೆ ಬರಬೇಕು. ಆಳನ್ನು ಕಳಿಸುವಂತಿಲ್ಲ.

ಪಟ್ಟಣವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಬೆಲ್ಲದ ವ್ಯಾಪಾರಿಯೊಬ್ಬನಿದ್ದ, ದೊಡ್ಡ ದೇಹದವನು, ಕೂತಲ್ಲಿಂದ ಏಳಲು ಇಬ್ಬರು ಬೇಕು. ಅವನು ಅಂಗಡಿಯ ಕಟ್ಟೆಯ ಮೇಲಿಂದಲೇ ಕೂಗಿದ: "ಶೆಟ್ರ, ನೀರಿಗೆ ದಾರಿಬುತ್ತಿ ಏನು ಕಟ್ಟೂದು? ರೊಟ್ಟಿನೋ, ಹೋಳಿಗಿನೋ?" ಅಡಿವೆಪ್ಪನಿಗೆ ಸಿಟ್ಟು ಬಂತು. ಆದರೆ ನಗು ಕೂಡ ಬಂತು.

ರೋಹಿಣಿ ಮುಗಿದು, ಅದರ ನಂತರದ ಮಿರಗದ ಮಳೆ ಒಂದು ಮಧ್ಯಾಹ್ನ ಊಟದ ಹೊತ್ತಿಗೆ ಬಂತು. ಓಣಿಯಲ್ಲಿ ಒಬ್ಬರೂ ಹೊರಗೆ ಇಳಿಯಲಿಲ್ಲ. ಎಲ್ಲ ಕಿಟಕಿಗಳಲ್ಲೂ ಮುಖಗಳಿದ್ದವು, ಎಲ್ಲ ಮುಖಗಳೂ ಒಂದೇ ಬಾಗಿಲನ್ನು ನೋಡುತ್ತಿದ್ದವು. ಅದು ಅಡಿವೆಪ್ಪನ ಬಾಗಿಲು. ಅವನ ಮನೆ ಗುಡ್ಡದ ತುದಿಯಲ್ಲಿ ಎಲ್ಲಕ್ಕಿಂತ ಮೇಲಿತ್ತು. ಮೊದಲ ನೀರು ಅವನದೇ.

ಅವನು ಹೊಸಿಲಿನ ಒಳಗೆ ನಿಂತು, ಮಳೆ ಸ್ವಲ್ಪ ಇಳಿಯಲಿ ಎಂದು ತನಗೇ ತಾನು ಹೇಳಿಕೊಂಡ. ಹೆಂಡತಿ ಬಂದು ಕಂಬಳಿಯ ಕೊಪ್ಪೆಯನ್ನು ಅವನ ತಲೆಗೆ ಹಾಕಿದಳು.

"ಡಂಗುರ ಹೊಡಿಸಿದವರು ನೀವ. ನೀರು ಆಗಲೇ ಓಣಿ ದಾಟೇತಿ. ನಡೀರಿ" ಎಂದಳು.

ಅಡಿವೆಪ್ಪ ಇಳಿದ. ಮೊದಲ ಹತ್ತು ಹೆಜ್ಜೆ ಅವನಿಗೆ ಅವಮಾನದಿಂದ ಕಿವಿ ಕಾದವು. ಹನ್ನೊಂದನೆಯ ಹೆಜ್ಜೆಗೆ ಧೋತರ ಪೂರ್ತಿ ತೊಯ್ದು, ಇನ್ನು ತೊಯ್ಯುವುದೇನೂ ಉಳಿಯಲಿಲ್ಲ. ಆಮೇಲೆ ಅವನಿಗೆ ಹಗುರವೆನಿಸಿತು. ಮೀಸೆ ಬಂದ ಮೇಲೆ ಅವನು ಮಳೆಯಲ್ಲಿ ನಡೆದೇ ಇರಲಿಲ್ಲ. ಕಾಲುವೆಯ ಪಕ್ಕ ತನ್ನ ನೀರು ಓಡುತ್ತಿತ್ತು, ಅದರ ಪಕ್ಕ ತಾನು ಓಡುತ್ತಿದ್ದ, ತನ್ನ ಹಿತ್ತಲಿನ ಬೇವಿನ ಎಲೆಗಳು ಮುಂದೆ ಮುಂದೆ ಹೋಗುತ್ತಿದ್ದವು. ಹಿಂದೆ ಒಂದು ಬಾಗಿಲು ಕಿರುಗುಟ್ಟಿತು. ಎಣ್ಣೆ ವ್ಯಾಪಾರಿ ಇಳಿದಿದ್ದ. ಪಟ್ಟಣಶೆಟ್ಟಿ ನಡೆದ ಮೇಲೆ ತಾನು ನಿಂತರೆ ಚೆನ್ನಲ್ಲವಲ್ಲ. ಆಮೇಲೆ ಇನ್ನೊಂದು ಬಾಗಿಲು, ಮತ್ತೊಂದು. ಕೊನೆಗೆ ಬೆಲ್ಲದ ವ್ಯಾಪಾರಿಯನ್ನು ಅವನ ಸೊಸೆಯಂದಿರು ನಗುತ್ತಾ ಹೊರಗೆ ದಬ್ಬಿದರು.

ಕಾಲುವೆಯಲ್ಲಿ ಯಾರ ನೀರು ಯಾವುದು ಎಂದು ಗೊತ್ತಾಗುವುದು ಹೇಗೆ? ನೀರು ಬೆರೆಯಿತು, ಹಿಂದೆ ಹೊರಟವರೂ ಬೆರೆತರು. ಮೂವತ್ತು ಯಜಮಾನರು, ಆರು ಮಂದಿ ಯಜಮಾನಿಯರು, ಕೊಪ್ಪೆ ಹಾಕಿಕೊಂಡು, ಜಾರುತ್ತಾ, ಒಬ್ಬರ ಕೈ ಒಬ್ಬರು ಹಿಡಿದು, ಮದುವೆಯ ದಿಬ್ಬಣದ ಹಾಗೆ ಗದ್ದಲ ಮಾಡುತ್ತಾ ಇಳಿದರು.

ನೀರು ಕೆಳಗಿನ ಓಣಿಗೆ ಬಂತು. ಅಲ್ಲಿ ಕವಲೊಡೆದು ಮನೆಮನೆಗೆ ನುಗ್ಗಿತು. ಒಂದು ಕವಲು ಬನವ್ವನ ಹೊಸಿಲು ದಾಟಿತು. ಅಡಿವೆಪ್ಪ ಬಾಗಿಲಲ್ಲಿ ತಡೆದು ನಿಂತ. ಆದರೆ ಕಟ್ಟಳೆ ಅವನದೇ, ನೀರು ನಿಂತಲ್ಲಿಯವರೆಗೆ ಹೋಗಲೇಬೇಕು. ಅವನು ಒಳಗೆ ಹೋದ. ನೀರು ಕುಣಿಗೆ ಇಳಿಯಿತು. ಅವನೂ ಕುಣಿಗೆ ಇಳಿದ. ನೀರು ಅಲ್ಲಿ ನಿಂತಿತು, ಅವನ ಮೊಣಕಾಲಿನ ಮೇಲೆ. ಬೇವಿನ ಎಲೆಗಳು ಮಗ್ಗದ ಹಲಗೆಗೆ ಅಂಟಿಕೊಂಡವು.

ಬನವ್ವ ಮಗ್ಗದ ಆಚೆ ಬದಿಯಲ್ಲಿ ಹಾಸಿನ ನೂಲು ನೆನೆಯದಂತೆ ಎರಡೂ ಕೈಯಿಂದ ಎತ್ತಿ ಹಿಡಿದು ನಿಂತಿದ್ದಳು. ಈಚೆ ಬದಿ ಜೋಲುತ್ತಿತ್ತು. ಯಾರದೋ ಮದುವೆಯ ಸೀರೆ ಅದು, ಅರ್ಧ ಮುಗಿದಿತ್ತು.

"ಹೊತ್ತಿಗೆ ಸರಿಯಾಗಿ ಬಂದ್ರಿ. ಇಕಾ, ಆ ಕಡೆ ಹಿಡೀರಿ" ಎಂದಳು.

ಅಡಿವೆಪ್ಪ ಹಿಡಿದ. ಮಳೆ ನಿಲ್ಲುವವರೆಗೆ ಹಿಡಿದೇ ನಿಂತ. ಇಷ್ಟು ವರ್ಷ ಇವಳೊಬ್ಬಳೇ ಇದನ್ನು ಹೇಗೆ ಹಿಡಿದಿದ್ದಳು ಎಂದು ಅವನಿಗೆ ನಾಚಿಕೆಯಾಯಿತು, ಕಣ್ಣು ತುಂಬಿತು. ಪಕ್ಕದ ಮನೆಯ ಕುಣಿಯಿಂದ ಬೆಲ್ಲದ ವ್ಯಾಪಾರಿಯ ಗೋಳು ಕೇಳಿಸಿತು. ಅವನು ಕುಣಿಯೊಳಗೆ ಸಿಕ್ಕಿಕೊಂಡಿದ್ದ, ಮೇಲೆತ್ತಲು ನಾಲ್ವರು ನೇಕಾರರು ಬೇಕಾದರು. ಬನವ್ವನಿಗೆ ನಗು ತಡೆಯಲಾಗಲಿಲ್ಲ. ಅಡಿವೆಪ್ಪನೂ ನಕ್ಕ. ಆ ದಿನ ನಲವತ್ತು ಮಗ್ಗಗಳಲ್ಲಿ ಒಂದರ ಹಾಸೂ ಕೆಡಲಿಲ್ಲ, ಹಿಡಿಯುವ ಕೈಗಳು ಸಾಕಷ್ಟಿದ್ದವು.

ಆದರೆ ಕೈಗಳಿದ್ದವೆಂದು ಕುಣಿ ತುಂಬದೆ ಇರಲಿಲ್ಲ. ಬನವ್ವ ಗಡುವು ಕೊಟ್ಟ ಆರಿದ್ರಾಕ್ಕೆ ಉಳಿದದ್ದು ಹದಿನಾಲ್ಕು ದಿನ.

ಇಳಿಯುವುದು ಸುಲಭ, ಹತ್ತುವುದು ಕಷ್ಟ. ಗುಡ್ಡ ಹತ್ತಿ ಮನೆ ಸೇರಿದ ಬೆಲ್ಲದ ವ್ಯಾಪಾರಿ ಎರಡು ದಿನ ಹಾಸಿಗೆ ಬಿಟ್ಟೇಳಲಿಲ್ಲ. ಮೂರನೆಯ ದಿನ ಎದ್ದವನೇ ಮನೆಯ ಹಿತ್ತಲಿನಲ್ಲಿ ಆಳೆತ್ತರದ ಗುಂಡಿ ತೋಡಿಸಿದ, ಅದರೊಳಗೆ ಕಲ್ಲು ಮರಳು ತುಂಬಿಸಿದ, ಮಾಳಿಗೆಯ ನೀರನ್ನೆಲ್ಲ ಅದಕ್ಕೆ ತಿರುಗಿಸಿದ. ಆರಿದ್ರಾಕ್ಕೆ ಮೊದಲೇ ಇನ್ನೊಂದು ಸಣ್ಣ ಮಳೆ ಬಂದಾಗ ಎಲ್ಲರೂ ಕೊಪ್ಪೆ ಹಾಕಿಕೊಂಡು ಹೊರಟರೆ ಅವನು ಮಾತ್ರ ಹಿತ್ತಲಿಗೆ ಹತ್ತು ಹೆಜ್ಜೆ ನಡೆದು, ಕಲ್ಲಿನ ಮೇಲೆ ಕೂತು ಶೇಂಗಾ ತಿನ್ನುತ್ತಿದ್ದ.

"ನನ್ನ ನೀರು ಇಲ್ಲೇ ನಿಂತೈತಿ, ನಾನೂ ಇಲ್ಲೇ ನಿಂತೀನಿ. ಕಟ್ಟಳಿ ತಪ್ಪಿಲ್ಲ ನೋಡ್ರಿ" ಎಂದ.

ಎಣ್ಣೆ ವ್ಯಾಪಾರಿ ಇದು ಮೋಸ ಎಂದು ಅಡಿವೆಪ್ಪನಲ್ಲಿ ದೂರು ತಂದ. ಅಡಿವೆಪ್ಪ ಹೋಗಿ ಗುಂಡಿ ನೋಡಿದ. ನೀರು ಗುಳುಗುಳು ಸದ್ದು ಮಾಡುತ್ತಾ ನೆಲದೊಳಗೆ ಇಳಿಯುತ್ತಿತ್ತು. ಅವನು ಬೆಲ್ಲದ ವ್ಯಾಪಾರಿಯನ್ನು ಅಪ್ಪಿಕೊಂಡ, ತೋಳು ಅರ್ಧಕ್ಕೇ ಬಂತು. ಸೋಮಾರಿಗೆ ದಾರಿ ಬೇಗ ಹೊಳೆಯುತ್ತದೆ. ಕಟ್ಟಳೆ ಮಾಡುವವನು ಅದನ್ನು ಗುರುತಿಸಬೇಕು, ಹೊಟ್ಟೆಕಿಚ್ಚು ಪಡಬಾರದು.

ಅವತ್ತೇ ಮತ್ತೆ ಡಂಗುರ ಬಿತ್ತು. ಗುಂಡಿ ತೋಡುವವರಿಗೆ ಕಲ್ಲನ್ನು ಪಟ್ಟಣವೇ ಕೊಡುತ್ತದೆ, ಓಣಿಯವರು ಸರದಿಯ ಮೇಲೆ ಒಬ್ಬರ ಗುಂಡಿಗೆ ಒಬ್ಬರು ಕೈ ಕೊಡಬೇಕು. ಹೊಸ ಮನೆ ಕಟ್ಟುವವರು ಬುನಾದಿ ತೋಡುವ ಮೊದಲು ನೀರು ನಿಲ್ಲುವ ಜಾಗ ತೋಡಬೇಕು. ಇನ್ನೊಂದು ಕೆಲಸವನ್ನು ಅಡಿವೆಪ್ಪ ತಾನೇ ನಿಂತು ಮಾಡಿಸಿದ. ನೀರಿನ ಜೊತೆ ಇಳಿಯುವಾಗ ಅರ್ಧ ದಾರಿಯಲ್ಲಿ ಅವನೊಂದು ಹಳೆಯ ಕಲ್ಲುಗಣಿ ನೋಡಿದ್ದ. ಕಾಲುವೆಗೆ ಹಾಸಿದ ಕಲ್ಲನ್ನು ತೆಗೆದದ್ದು ಅಲ್ಲಿಂದಲೇ, ಆಮೇಲೆ ಅದನ್ನು ಎಲ್ಲರೂ ಮರೆತಿದ್ದರು. ಕಾಲುವೆಯ ನಾಲ್ಕು ಕಲ್ಲು ಕೀಳಿಸಿ, ಬಾಯನ್ನು ಗಣಿಯ ಕಡೆಗೆ ತಿರುಗಿಸಿದ. ನೇಕಾರರೂ ಹತ್ತಿ ಬಂದು ಹೂಳು ಹೊತ್ತರು. ಮಣ್ಣಿನ ಬುಟ್ಟಿ ಕೈಯಿಂದ ಕೈಗೆ ಹೋಗುವಾಗ ಮೇಲಿನ ಓಣಿಯ ಹೆಂಗಸರೂ ಕೆಳಗಿನ ಓಣಿಯ ಹೆಂಗಸರೂ ಹಾಡಿಗೆ ಹಾಡು ಕಟ್ಟಿದರು. ಹಾಡುಗಳಲ್ಲಿ ಬೆಲ್ಲದ ವ್ಯಾಪಾರಿ ಕುಣಿಯಲ್ಲಿ ಸಿಕ್ಕಿಕೊಂಡದ್ದೇ ಹೆಚ್ಚು.

ಆರಿದ್ರಾ ಮಳೆ ಬೆಳಿಗ್ಗೆ ಶುರುವಾಯಿತು, ಆಕಾಶ ಕಳಚಿ ಬಿದ್ದ ಹಾಗೆ. ಹೆಚ್ಚಿನವರ ನಡಿಗೆ ಹಿತ್ತಲಿನಲ್ಲೇ ಮುಗಿಯಿತು. ಗುಂಡಿ ತುಂಬಿ ಹೊರಗೆ ಹರಿದ ನೀರು ಕಾಲುವೆ ಹಿಡಿದು ಗಣಿಗೆ ಬಂತು, ಅದರ ಹಿಂದೆ ಜನರೂ ಬಂದರು. ಎಲ್ಲರೂ ಗಣಿಯ ಸುತ್ತ ಕೊಪ್ಪೆ ಹಾಕಿಕೊಂಡು ನಿಂತರು. ಗಣಿಯ ಗೋಡೆಯಲ್ಲಿ ಕಲ್ಲು ಕಡಿದ ಮೆಟ್ಟಿಲುಗಳಿದ್ದವು. ನೀರು ಒಂದೊಂದೇ ಮೆಟ್ಟಿಲು ನುಂಗುತ್ತಾ ಮೇಲೆ ಬಂತು.

ಕೆಳಗಿನ ಓಣಿಯಲ್ಲಿ ಮಗ್ಗಗಳ ಸದ್ದು ನಿಂತಿತ್ತು. ಬನವ್ವ ಎಂದಿನಂತೆ ಕುಣಿಗೆ ಕಾಲು ಇಳಿಬಿಟ್ಟು ಕೂತಿದ್ದಳು. ನಲವತ್ತು ಮನೆಗಳಲ್ಲೂ ಹಾಗೆಯೇ ಕೂತಿದ್ದರು. ಕಾಲು ತೊಯ್ದರೆ ಏಳುವುದು, ಗಂಟು ಕಟ್ಟುವುದು.

ಮಧ್ಯಾಹ್ನ ಗಣಿಯ ಕೊನೆಯ ಮೆಟ್ಟಿಲು ಮುಳುಗಿತು. ಅಂಚಿನ ಒಂದು ಸಂದಿನಿಂದ ನೀರು ಹೊರಗೆ ಬಂತು, ಇಳಿಜಾರು ಹಿಡಿಯಿತು. ಅಡಿವೆಪ್ಪ ಅದರ ಜೊತೆ ಹೊರಟ. ಮಳೆ ಇಳಿಯತೊಡಗಿತ್ತು. ಎರಡು ಗೇಣು ಅಗಲವಿದ್ದ ನೀರು ನೂರು ಹೆಜ್ಜೆಗೆ ಒಂದು ಗೇಣಾಯಿತು. ಕೆಳಗಿನ ಓಣಿಯ ಬಾಯಿಗೆ ಬರುವಷ್ಟರಲ್ಲಿ ನಾಲ್ಕು ಬೆರಳಾಯಿತು. ಆದರೂ ನಿಲ್ಲಲಿಲ್ಲ. ನೆಟ್ಟಗೆ ಬನವ್ವನ ಮನೆಗೇ ಬಂತು.

ಬನವ್ವ ಬಾಗಿಲಿಗೆ ಬಂದಳು. ಬರುತ್ತಿದ್ದ ನೀರನ್ನು ನೋಡಿದಳು, ಹಿಂದೆ ಬರುತ್ತಿದ್ದ ಪಟ್ಟಣಶೆಟ್ಟಿಯನ್ನೂ ನೋಡಿದಳು. ಒಳಗೆ ಹೋಗಿ ಒಂದು ಕೊಡ ತಂದು ಹೊಸಿಲಿನ ಮುಂದಿನ ಕಲ್ಲಿನ ಅಂಚಿನ ಕೆಳಗೆ ಇಟ್ಟಳು. ನೀರು ಅದರೊಳಗೆ ಬಿತ್ತು. ಕೊಡ ತುಂಬುವ ಹೊತ್ತಿಗೆ ಮಳೆಯೂ ಬಂದ ನೀರೂ ನಿಂತವು.

"ನೂಲಿಗೆ ಗಂಜಿ ಕಾಸಾಕ ಇಷ್ಟ ಬೇಕಾಗಿತ್ತು ನೋಡ್ರಿ" ಎಂದಳು.

ಅಡಿವೆಪ್ಪನಿಗೆ ಕೇಳಲು ಭಯ. ಆದರೂ ಕೇಳಿದ: "ಕುಣಿ?"

ಬನವ್ವ ಸೀರೆಯ ಅಂಚನ್ನು ಚೂರು ಎತ್ತಿ ಪಾದ ತೋರಿಸಿದಳು. ಪಾದ ಒಣಗಿತ್ತು. ಕುಣಿಯ ತಳದ ಮಣ್ಣಿನ ಧೂಳು ಇನ್ನೂ ಅದಕ್ಕೆ ಅಂಟಿತ್ತು. ಅಡಿವೆಪ್ಪ ಐವತ್ತು ವರ್ಷದವನು, ಪಟ್ಟಣದ ಹಿರಿಯ. ಅವನು ಓಣಿಯ ನಡುವೆ ನಿಂತು, ಗುಡ್ಡದ ಮೇಲಿನವರಿಗೆ ಕೇಳುವ ಹಾಗೆ ಕೊಪ್ಪೆ ಬೀಸಿ ಕೇಕೆ ಹಾಕಿದ. ಮೇಲಿಂದ ನೂರು ಕೇಕೆ ಬಂದವು. ಅಷ್ಟರಲ್ಲಿ ಬನವ್ವನ ಮನೆಯಲ್ಲಿ ಮಗ್ಗ ಸದ್ದು ಮಾಡಿತು, ಪಕ್ಕದ ಮನೆಯಲ್ಲಿ ಮಾಡಿತು, ಆಮೇಲೆ ಓಣಿಗೆ ಓಣಿಯೇ ನೇಯತೊಡಗಿತು. ಆ ದಿನ ಮೇಲಿನ ಓಣಿಯವರು ಹೋಳಿಗೆ ಮಾಡಿ ಕೆಳಗೆ ಹೊತ್ತು ತಂದರು. ಬೆಲ್ಲ ಯಾರದೆಂದು ಬೇರೆ ಹೇಳಬೇಕೇ?

ಆ ವರ್ಷ ಯುಗಾದಿ ದಾಟಿದರೂ ಮೇಲಿನ ಓಣಿಯ ಬಾವಿಗಳಲ್ಲಿ ನೀರಿತ್ತು. ಹೊಳೆಯ ದಾರಿಯಲ್ಲಿ ಹುಲ್ಲು ಬೆಳೆಯಿತು, ಕತ್ತೆಗಳು ಕೊಬ್ಬಿದವು. ನೀರಿನ ಜೊತೆ ನಡೆಯುವ ಕಟ್ಟಳೆಯನ್ನು ಮುಂದೆ ಯಾವ ಪಟ್ಟಣಶೆಟ್ಟಿಯೂ ತೆಗೆಯಲಿಲ್ಲ. ಜನರೇ ಅದನ್ನು ಬಿಟ್ಟುಕೊಡಲಿಲ್ಲ. ಮೊದಲ ಮಳೆಗೆ ಎಲ್ಲರೂ ಕೊಪ್ಪೆ ಹಾಕಿಕೊಂಡು ಇಳಿಯುತ್ತಿದ್ದರು, ನೀರು ಜೊತೆಗೆ ಬರಲಿ ಬಿಡಲಿ.

ಗುರುಗಳು ಕತೆ ಮುಗಿಸಿದರು. ಶಿಷ್ಯನ ಮುಖ ಅರಳಿತ್ತು. ಅವನು ಎದ್ದು ನಿಂತು ಕೈಮುಗಿದ.

"ಗುರುಗಳೇ, ನಾಳೆಯೇ ಹೋಗಿ ನಮ್ಮೂರಿನಲ್ಲೂ ಇದೇ ಕಟ್ಟಳೆ ಸಾರಿಸುತ್ತೇನೆ. ಅಪ್ಪಣೆ ಕೊಡಿ" ಎಂದ.

"ಸಾರಿಸುವೆಯಂತೆ. ಮೊದಲು ನಿನ್ನ ಮನೆಯ ಮಾಳಿಗೆಯ ನೀರು ಯಾರ ಮನೆಗೆ ಹೋಗಿ ನಿಲ್ಲುತ್ತದೆ, ಹೇಳು ನೋಡೋಣ" ಎಂದರು ಗುರುಗಳು.

"ಅಪ್ಪಣೆ ಆಮೇಲೆ ಕೊಡಿ ಗುರುಗಳೇ, ಈಗ ಒಂದು ಕೊಪ್ಪೆ ಕೊಡಿ" ಎಂದ ಶಿಷ್ಯ.